ಏಳಡಿ ಅಗಲದ ಮನೆ, ನಾಲ್ಕು ಮೈಲಿ ವೇಗದ ಬದುಕು

ಬರ್ಮಿಂಗ್‌ಹ್ಯಾಮಿನಲ್ಲೋ ಮಿಲ್ಟನ್ ಕೀನ್ಸ್‌ನಲ್ಲೋ ನೌಕರಿಯಲ್ಲಿರುವ ಮಕ್ಕಳನ್ನು ನೋಡಿಬರಲೆಂದು ಹೋಗುವ ನಮ್ಮ ಕಡೆಯ ತಂದೆತಾಯಿಯರಿಗೆ ಸಂಜೆಯ ತಿರುಗಾಟದಲ್ಲಿ ಒಂದು ಸೋಜಿಗ ಎದುರಾಗುತ್ತದೆ. ಊರ ನಡುವೆಯೇ ನಮ್ಮ ನಾಲೆಯಂಥ ಒಂದು ಕಾಲುವೆ. ದಂಡೆಯುದ್ದಕ್ಕೂ ಸಾಲಾಗಿ ಕಟ್ಟಿಹಾಕಿದ ನೀಳ ದೋಣಿಗಳು. ಚಾವಣಿಯ ಮೇಲೆ ಸೌದೆ, ಸೈಕಲ್ಲು, ಹೂಕುಂಡ. ಪುಟ್ಟ ಕೊಳವೆಯಿಂದ ಹೊಗೆ. ಕಿಟಕಿಯೊಳಗೆ ದೀಪ, ಅಡಿಗೆಯ ವಾಸನೆ. ಇದು ದೋಣಿಯೋ ಮನೆಯೋ? ಎರಡೂ ಹೌದು. ಇದೇ ಇಂಗ್ಲೆಂಡಿನ ಪ್ರಸಿದ್ಧ ನ್ಯಾರೋಬೋಟ್.

ದೂರದಿಂದ ನೋಡಿದವರಿಗೆ ಇದೊಂದು ನಿಶ್ಚಿಂತೆಯ ಬದುಕೆನಿಸೀತು. ಬಾಡಿಗೆಯಿಲ್ಲ, ನೆರೆಹೊರೆಯ ಕಾಟವಿಲ್ಲ, ಬೇಸರವಾದರೆ ಹಗ್ಗ ಬಿಚ್ಚಿ ಮುಂದಿನ ಊರು! ಆದರೆ ಒಳಗೆ ವಾಸಿಸುವವರನ್ನು ಕೇಳಿದರೆ ಬೇರೆಯೇ ಪಾಠ ಸಿಗುತ್ತದೆ. ನೆಲದ ಮನೆಯಲ್ಲಿ ನಲ್ಲಿ ತಿರುಗಿಸಿದರೆ ನೀರು, ಗುಂಡಿ ಒತ್ತಿದರೆ ಬೆಳಕು. ಎಲ್ಲಿಂದ ಬಂತು, ಎಷ್ಟು ಉಳಿಯಿತು ಎಂದು ಯಾರೂ ಕೇಳುವುದಿಲ್ಲ. ದೋಣಿಯಲ್ಲಿ ಪ್ರತಿಯೊಂದು ಲೀಟರಿಗೂ ಪ್ರತಿಯೊಂದು ಆಂಪಿಯರಿಗೂ ಲೆಕ್ಕವಿಡಬೇಕು. ಲೆಕ್ಕ ತಪ್ಪಿದರೆ ಕೆಲವೊಮ್ಮೆ ಚಳಿ, ಕೆಲವೊಮ್ಮೆ ಕತ್ತಲೆ, ಅಪರೂಪಕ್ಕೆ ಪ್ರಾಣಾಪಾಯ. ಈ ಲೆಕ್ಕವೆಲ್ಲ ಹೈಸ್ಕೂಲಿನ ವಿಜ್ಞಾನದ ಮಟ್ಟದ್ದೇ ಎನ್ನುವುದು ಸಮಾಧಾನದ ಸಂಗತಿ.

ಏಳಡಿಯೇ ಏಕೆ?

1761ರಲ್ಲಿ ಬ್ರಿಜ್‌ವಾಟರ್ ಕಾಲುವೆ ವರ್ಸ್ಲೆಯ ಕಲ್ಲಿದ್ದಲು ಗಣಿಯಿಂದ ಮ್ಯಾಂಚೆಸ್ಟರ್ ದಿಕ್ಕಿಗೆ ತೆರೆದುಕೊಂಡಿತು. ಆ ಊರಿನಲ್ಲಿ ಕಲ್ಲಿದ್ದಲಿನ ಬೆಲೆ ಸರಿಸುಮಾರು ಅರ್ಧಕ್ಕಿಳಿಯಿತು. ಗಾಡಿಯಲ್ಲಿ ಒಂದೆರಡು ಟನ್ ಎಳೆಯಲು ಏದುಸಿರು ಬಿಡುವ ಕುದುರೆ, ನೀರಿನ ಮೇಲೆ 25 ಟನ್ ಸರಕನ್ನು ಆರಾಮವಾಗಿ ಎಳೆಯಬಲ್ಲುದು. ಈ ಕಾಲುವೆಗೆ ದುಡಿದ ಎಂಜಿನಿಯರ್ ಜೇಮ್ಸ್ ಬ್ರಿಂಡ್ಲೆ. ಮುಂದೆ ಟ್ರೆಂಟ್ ಮತ್ತು ಮರ್ಸಿ ಕಾಲುವೆಯನ್ನು ಯೋಜಿಸಿದಾಗ ನೀರೂ ಉಳಿಯಬೇಕು, ಕಟ್ಟಡದ ಖರ್ಚೂ ತಗ್ಗಬೇಕೆಂದು ಆತ ಅದರ ಲಾಕ್‌ಗಳನ್ನು ಸುಮಾರು 72 ಅಡಿ ಉದ್ದಕ್ಕೆ, 7 ಅಡಿಗಿಂತ ತುಸುವೇ ಹೆಚ್ಚಿನ ಅಗಲಕ್ಕೆ ನಿಗದಿ ಮಾಡಿದ. ಅಂದು ಹಾಕಿದ ಆ ಅಳತೆ ಇಂದಿಗೂ ಅಲ್ಲಿನ ದೋಣಿಗಳನ್ನು ಆಳುತ್ತಿದೆ. ನ್ಯಾರೋಬೋಟಿನ ಅಗಲ 6 ಅಡಿ 10 ಅಂಗುಲ. ನಮ್ಮ ರೈಲಿನ ಬೋಗಿಗಿಂತ ಎಷ್ಟೋ ಕಿರಿದು!

ರೈಲು ಬಂದ ಮೇಲೆ ದೋಣಿಯವರ ಆದಾಯ ಕುಸಿಯಿತು. ಮನೆ ಬಾಡಿಗೆ ಕಟ್ಟಲಾರದೆ ಹೆಂಡತಿ ಮಕ್ಕಳನ್ನೂ ದೋಣಿಗೆ ಕರೆತಂದು, ಹಿಂಬದಿಯ ಹತ್ತಡಿ ಉದ್ದದ ಕೋಣೆಯಲ್ಲಿ ಸಂಸಾರ ಹೂಡಿದವರು ಅನೇಕರು. ಕೊನೆಗೆ ಲಾರಿಗಳು ಬಂದು ಸರಕು ಸಾಗಣೆಯೇ ನಿಂತಿತು. 1944ರಲ್ಲಿ ಪ್ರಕಟವಾದ ಎಲ್.ಟಿ.ಸಿ. ರೋಲ್ಟ್ ಅವರ ‘ನ್ಯಾರೋಬೋಟ್’ ಪುಸ್ತಕ, 1946ರಲ್ಲಿ ಹುಟ್ಟಿದ ಒಳನಾಡು ಜಲಮಾರ್ಗ ಸಂಘ, ಸಾವಿರಾರು ಸ್ವಯಂಸೇವಕರ ಶ್ರಮ ಇವೆಲ್ಲ ಸೇರಿ ಹೂಳು ತುಂಬಿದ ಕಾಲುವೆಗಳಿಗೆ ಮತ್ತೆ ಜೀವ ಕೊಟ್ಟವು. ಈಗ ಇಂಗ್ಲೆಂಡ್ ಮತ್ತು ವೇಲ್ಸ್‌ನ ಸುಮಾರು 2,000 ಮೈಲಿ ಜಲಮಾರ್ಗವನ್ನು 2012ರಿಂದ ‘ಕೆನಾಲ್ ಅಂಡ್ ರಿವರ್ ಟ್ರಸ್ಟ್’ ಎಂಬ ದತ್ತಿ ಸಂಸ್ಥೆ ನೋಡಿಕೊಳ್ಳುತ್ತಿದೆ. ಮನೆಯ ಬೆಲೆ ಗಗನಕ್ಕೇರಿರುವ ಈ ದಿನಗಳಲ್ಲಿ, ನೂರು ವರ್ಷದ ಹಿಂದಿನ ಬಡ ದೋಣಿಯವರಂತೆಯೇ, ಬಾಡಿಗೆ ಕಟ್ಟಲಾರದವರು ಮತ್ತೆ ನೀರಿನತ್ತ ನೋಡುತ್ತಿದ್ದಾರೆ.

ಕೊಳ್ಳುವ ಮುನ್ನ

ದೋಣಿ ಉದ್ದವಿದ್ದಷ್ಟೂ ಮನೆ ದೊಡ್ಡದು. ಆದರೆ ಉತ್ತರದ ಕೆಲವು ಕಾಲುವೆಗಳ ಲಾಕ್‌ಗಳು ಗಿಡ್ಡ. 70 ಅಡಿಯ ದೋಣಿ ಅಲ್ಲಿ ಹಿಡಿಸದು. ಆದ್ದರಿಂದಲೇ ಬಹುತೇಕ ಎಲ್ಲೆಡೆ ಓಡಾಡಬಯಸುವವರು ಸುಮಾರು 57 ಅಡಿಯನ್ನು ಆರಿಸಿಕೊಳ್ಳುತ್ತಾರೆ.

ಎರಡನೆಯದು ಒಡಲಿನ ಪರೀಕ್ಷೆ. ಇಂದಿನ ದೋಣಿಗಳು ಉಕ್ಕಿನವು. ತಳಕ್ಕೆ 10 ಮಿಲಿಮೀಟರ್, ಪಕ್ಕಕ್ಕೆ 6, ಚಾವಣಿಗೆ 4 ಎನ್ನುವುದು ಸಾಮಾನ್ಯ ದಪ್ಪ. ಉಕ್ಕು ನೀರಿನಲ್ಲಿದ್ದರೆ ತುಕ್ಕು ಹಿಡಿಯದೆ ಇದ್ದೀತೆ? ಹಳೆಯ ದೋಣಿಯನ್ನು ಕೊಳ್ಳುವಾಗ ಅದನ್ನು ನೀರಿನಿಂದ ಎತ್ತಿಸಿ, ಪರಿಣತರಿಂದ ದಪ್ಪ ಅಳೆಸದೆ ಹಣ ಕೊಡಬಾರದು. ಕೊಂಡ ಮೇಲೂ ಎರಡು ಮೂರು ವರ್ಷಕ್ಕೊಮ್ಮೆ ಎತ್ತಿಸಿ ಡಾಂಬರಿನಂಥ ಕಪ್ಪು ಲೇಪನ ಬಳಿಸಬೇಕು. ಒಡಲಿಗೆ ಮೆಗ್ನೀಸಿಯಮ್ ಗಟ್ಟಿಗಳನ್ನೂ ಬೆಸೆದಿರುತ್ತಾರೆ. ಉಕ್ಕಿಗಿಂತ ಮೆಗ್ನೀಸಿಯಮ್ ಚುರುಕಿನ ಲೋಹ. ಆದ್ದರಿಂದ ತಾನು ಮೊದಲು ಸವೆದು ಉಕ್ಕನ್ನು ಉಳಿಸುತ್ತದೆ. ಅದು ಸವೆದು ಹೋದಾಗ ಬದಲಿಸುವುದಷ್ಟೇ ನಮ್ಮ ಕೆಲಸ.

ಮೂರನೆಯದು ಕಾನೂನು. ದೋಣಿ ನಡೆಸಲು ಡ್ರೈವಿಂಗ್ ಲೈಸೆನ್ಸ್ ಬೇಕಿಲ್ಲ. ಆದರೆ ದೋಣಿಗೆ ವಾರ್ಷಿಕ ಪರವಾನಗಿ, ವಿಮೆ, ನಾಲ್ಕು ವರ್ಷಕ್ಕೊಮ್ಮೆ ಸುರಕ್ಷತಾ ಪ್ರಮಾಣಪತ್ರ ಬೇಕು. ಕಾಯಂ ತಂಗುದಾಣ ಇಲ್ಲದವರು, 1995ರ ಕಾಯಿದೆಯಂತೆ, ಒಂದೇ ಕಡೆ ಸಾಮಾನ್ಯವಾಗಿ 14 ದಿನಕ್ಕಿಂತ ಹೆಚ್ಚು ನಿಲ್ಲದೆ ಸಂಚರಿಸುತ್ತಲೇ ಇರಬೇಕು. ಅಂಥವರ ಪರವಾನಗಿಗೆ 2024ರ ಏಪ್ರಿಲಿನಿಂದ ಹೆಚ್ಚುವರಿ ಶುಲ್ಕವೂ ಸೇರಿದೆ. ಹದಿನಾಲ್ಕು ದಿನ ಎಂದರೆ ಹೇಳುವುದಕ್ಕೆ ಸುಲಭ. ಮಕ್ಕಳಿಗೆ ಶಾಲೆ, ತಮಗೊಂದು ನೌಕರಿ ಇರುವವರಿಗೆ ಹದಿನೈದನೆಯ ದಿನ ಹೊರಡುವುದೆಂದರೇನು ಎನ್ನುವುದನ್ನು ಊಹಿಸಿಕೊಳ್ಳಿ. ನಿಯಮ ಮುರಿದರೆ ಪರವಾನಗಿ ನಿಲ್ಲಬಹುದು, ಕೊನೆಗೆ ದೋಣಿಯನ್ನೇ ಕಾಲುವೆಯಿಂದ ತೆಗೆಸಬಹುದು. ದೋಣಿಯೇ ಮನೆಯಾದವರಿಗೆ ಇದು ಸಣ್ಣ ಮಾತಲ್ಲ. ಕಾಯಂ ತಂಗುದಾಣ ಕೊಳ್ಳುವವರೂ ಅಲ್ಲಿ ವಾಸಕ್ಕೆ ಅನುಮತಿ ಇದೆಯೇ ಎಂದು ಬರಹದಲ್ಲೇ ಕೇಳಿ ಪಡೆಯಬೇಕು. ಅನೇಕ ಕಡೆ ದೋಣಿ ನಿಲ್ಲಿಸಬಹುದು, ಸಂಸಾರ ಮಾಡುವಂತಿಲ್ಲ.

ಬ್ರೇಕ್ ಇಲ್ಲದ ಬಂಡಿ

ಇನ್ನು ನಡೆಸುವ ವಿಷಯ. ಹಿಂದೆ ನಿಂತವನ ಕೈಯಲ್ಲಿ ಟಿಲ್ಲರ್ ಎಂಬ ದಂಡ. ಅದನ್ನು ಎಡಕ್ಕೆ ತಳ್ಳಿದರೆ ಮೂತಿ ಬಲಕ್ಕೆ, ಬಲಕ್ಕೆ ತಳ್ಳಿದರೆ ಎಡಕ್ಕೆ. ಕಾರಿನಂತೆ ಮುಂಭಾಗ ಮಾತ್ರ ತಿರುಗುವುದಿಲ್ಲ. ತಕ್ಕಡಿಯ ದಂಡದಂತೆ ಇಡೀ ದೋಣಿ ನಡುವಿನ ಸುತ್ತ ತಿರುಗುತ್ತದೆ. ಮೂತಿ ಬಲಕ್ಕೆ ಹೋದಾಗ ಬಾಲ ಎಡಕ್ಕೆ ಬೀಸುತ್ತದೆ. ಪ್ರೊಪೆಲ್ಲರ್ ಹಿಂದಕ್ಕೆ ದೂಡಿದ ನೀರು ಚುಕ್ಕಾಣಿಯ ಹಲಗೆಗೆ ಬಡಿದರೆ ಮಾತ್ರ ದೋಣಿ ಚೆನ್ನಾಗಿ ಮಾತು ಕೇಳುತ್ತದೆ. ಗೇರ್ ತಪ್ಪಿಸಿದರೆ ಹಿಡಿತ ಹೋಯಿತು. ಹಿಂದಕ್ಕೆ ಚಲಿಸುವಾಗಲಂತೂ ಅದು ತನ್ನಿಚ್ಛೆಯಂತೆ ಹೋಗುತ್ತದೆ.

ಬ್ರೇಕ್ ಎಂಬುದಿಲ್ಲ. ರಿವರ್ಸ್ ಗೇರ್ ಹಾಕಿ ಕಾಯಬೇಕು. ಸುಮಾರು 15 ಟನ್ ತೂಕದ ದೋಣಿ ಗಂಟೆಗೆ 4 ಮೈಲಿ ವೇಗದಲ್ಲಿದ್ದಾಗ ಅದರ ಚಲನಶಕ್ತಿ ಎಷ್ಟು ಗೊತ್ತೇ? ಒಂದು ಟನ್ ತೂಕದ ಕಾರು ಗಂಟೆಗೆ 25 ಕಿಲೋಮೀಟರ್ ವೇಗದಲ್ಲಿ ಬಂದಷ್ಟು! ಆದ್ದರಿಂದ ದೋಣಿಗೂ ದಂಡೆಗೂ ನಡುವೆ, ದೋಣಿಗೂ ಸೇತುವೆಗೂ ನಡುವೆ ಕೈಯನ್ನಾಗಲಿ ಕಾಲನ್ನಾಗಲಿ ಎಂದೂ ಒಡ್ಡಬಾರದು. ಬಣ್ಣ ಕೆತ್ತಿಹೋದರೆ ಮತ್ತೆ ಬಳಿಯಬಹುದು.

ವೇಗದ ಮಿತಿಯೇ ಗಂಟೆಗೆ 4 ಮೈಲಿ. ನಡೆಯುವವರು ದಂಡೆಯ ಮೇಲೆ ಜೊತೆಗೇ ಬರಬಹುದು. ಹೆಚ್ಚು ಎಕ್ಸಿಲರೇಟರ್ ಕೊಟ್ಟರೆ ಬೇಗ ತಲುಪುತ್ತೇವೆಯೇ? ಇಲ್ಲ. ಕಾಲುವೆ ಕಿರಿದು, ಆಳ ನಡುವೆಯೂ ಒಂದೂಕಾಲು ಮೀಟರಿನ ಆಸುಪಾಸು. ದೋಣಿ ಮುಂದೆ ಹೋಗಬೇಕಾದರೆ ಅದು ಪಕ್ಕಕ್ಕೆ ತಳ್ಳಿದ ನೀರು ಹಿಂದಕ್ಕೆ ಹರಿಯಬೇಕು. ಇಕ್ಕಟ್ಟಿನಲ್ಲಿ ನೀರಿಗೆ ದಾರಿ ಸಾಲದೆ ಅಲೆ ಎದ್ದು ದಂಡೆ ಕೊರೆಯುತ್ತದೆ, ದೋಣಿಯ ಹಿಂಭಾಗ ತಗ್ಗಿ ತಳ ಮುಟ್ಟುತ್ತದೆ. ಡೀಸೆಲ್ ಸುಟ್ಟಿದ್ದೇ ಬಂತು. ಹಿಂದೆ ಅಲೆ ಒಡೆಯುವುದು ಕಂಡರೆ ಕೂಡಲೇ ವೇಗ ತಗ್ಗಿಸಬೇಕು. ಕಟ್ಟಿಹಾಕಿದ ದೋಣಿಗಳ ಪಕ್ಕದಲ್ಲಂತೂ ಎಂಜಿನ್ ಬರೀ ಗುಟುಕು ಹಾಕುವಷ್ಟಿರಲಿ. ಇಲ್ಲದಿದ್ದರೆ ಆ ದೋಣಿಗಳ ಗೂಟ ಕಿತ್ತು, ಒಲೆಯ ಮೇಲಿನ ಚಹಾ ಚೆಲ್ಲುತ್ತದೆ. ಎದುರು ದೋಣಿ ಬಂದಾಗ ಬಲಕ್ಕೆ ಸರಿಯುವುದು ನಿಯಮ, ರಸ್ತೆಗೆ ತದ್ವಿರುದ್ಧ. ದಾರಿಯ ಲೆಕ್ಕಕ್ಕೆ ಹಳಬರ ಸೂತ್ರವೊಂದಿದೆ: ಮೈಲಿಗಳನ್ನೂ ಲಾಕ್‌ಗಳನ್ನೂ ಕೂಡಿಸಿ ಮೂರರಿಂದ ಭಾಗಿಸಿ. 10 ಮೈಲಿ, 8 ಲಾಕ್ ಇದ್ದರೆ 6 ಗಂಟೆ.

ವೇಲ್ಸ್‌ನ ಪಾಂಟ್‌ಕಿಸಿಲ್ಟೆ ಮೇಲ್ಗಾಲುವೆಯನ್ನು ಇಲ್ಲಿ ನೆನೆಯಲೇಬೇಕು. 1805ರಲ್ಲಿ ಮುಗಿದ ಈ ಎರಕದ ಕಬ್ಬಿಣದ ತೊಟ್ಟಿ ನದಿಯಿಂದ 38 ಮೀಟರ್ ಎತ್ತರದಲ್ಲಿ, 307 ಮೀಟರ್ ಉದ್ದಕ್ಕೆ ದೋಣಿಗಳನ್ನು ದಾಟಿಸುತ್ತದೆ. ಒಂದು ಬದಿಗೆ ಕಟಾಂಜನವೇ ಇಲ್ಲ! ಹದಿನೈದು ಟನ್ ದೋಣಿ ಏರಿದಾಗ ಸೇತುವೆಗೆ ಭಾರ ಹೆಚ್ಚುತ್ತದೆಯೇ? ಆರ್ಕಿಮಿಡಿಸ್ ಉತ್ತರ ಕೊಡುತ್ತಾನೆ. ತೇಲುವ ದೋಣಿ ತನ್ನ ತೂಕದಷ್ಟೇ ನೀರನ್ನು ಪಕ್ಕಕ್ಕೆ ಸರಿಸುತ್ತದೆ, ಆ ನೀರು ಕಾಲುವೆಯುದ್ದಕ್ಕೂ ಹರಿದು ಹೋಗುತ್ತದೆ. ಸೇತುವೆಯ ಮೇಲಿನ ಭಾರ ಇದ್ದಷ್ಟೇ. ಮಕ್ಕಳಿಗೆ ಈ ಪ್ರಶ್ನೆ ಕೇಳಿ ನೋಡಿ.

ನೀರಿನ ಮೆಟ್ಟಿಲು

ಕಾಲುವೆ ಗುಡ್ಡ ಹತ್ತುವುದು ಲಾಕ್ ಮೂಲಕ. ಎರಡು ತುದಿಗೂ ಬಾಗಿಲಿರುವ ಒಂದು ತೊಟ್ಟಿ. ಏರಬೇಕಾದರೆ ಕೆಳಬಾಗಿಲಿನಿಂದ ಒಳಹೊಕ್ಕು, ಅದನ್ನು ಮುಚ್ಚಿ, ಮೇಲಿನ ತೂಬುಗಳನ್ನು ನಿಧಾನವಾಗಿ ಎತ್ತಬೇಕು. ತೊಟ್ಟಿ ತುಂಬುತ್ತಲೇ ದೋಣಿ ಏರುತ್ತದೆ. ಇಳಿಯುವಾಗ ಇದೇ ಕ್ರಮ ತಲೆಕೆಳಗು. ತೂಬು ಎತ್ತಲು ವಿಂಡ್‌ಲಾಸ್ ಎಂಬ ಕಬ್ಬಿಣದ ಹಿಡಿಕೆ ಬೇಕು. ಎತ್ತಿದ ಮೇಲೆ ಹಲ್ಲಿನ ತಡೆ ಕೂತಿದೆಯೇ ನೋಡಿ, ಹಿಡಿಕೆಯನ್ನು ಕಳಚಿ ಕೈಗೆ ತೆಗೆದುಕೊಳ್ಳಬೇಕು. ಬಿಟ್ಟರೆ ತೂಬು ಜಾರಿದಾಗ ಅದು ಗಿರ್ರನೆ ತಿರುಗಿ ಮೂಳೆ ಮುರಿಯುತ್ತದೆ.

ಇಳಿಯುವಾಗಿನ ಅಪಾಯ ಇನ್ನೂ ದೊಡ್ಡದು. ಮೇಲ್ಬಾಗಿಲಿನ ಕೆಳಗೆ ಒಳಚಾಚಿದ ಕಲ್ಲಿನ ಹೊಸ್ತಿಲಿರುತ್ತದೆ. ತೊಟ್ಟಿ ತುಂಬಿದಾಗ ಅದು ಕಾಣುವುದಿಲ್ಲ. ದೋಣಿಯ ಹಿಂಭಾಗ ಅದರ ಮೇಲಿದ್ದರೆ ನೀರು ಇಳಿದಂತೆ ಬಾಲ ಹೊಸ್ತಿಲಿಗೆ ಸಿಕ್ಕಿ, ಮೂತಿ ಕೆಳಗೆ ವಾಲಿ, ಕೆಲವೇ ನಿಮಿಷಗಳಲ್ಲಿ ದೋಣಿ ಮುಳುಗಬಹುದು. ಗೋಡೆಯ ಮೇಲೆ ಬಿಳಿ ಗೆರೆ ಎಳೆದಿರುವುದು ಇದಕ್ಕೇ. ಗೆರೆಗಿಂತ ಮುಂದೆ ನಿಲ್ಲಬೇಕು, ದೋಣಿಯನ್ನು ಗೂಟಕ್ಕೆ ಬಿಗಿದು ಕಟ್ಟಬಾರದು, ತೂಬಿನ ಬಳಿ ಇರುವವರು ಕಣ್ಣು ಕೀಳಬಾರದು. ದೋಣಿ ವಾಲಿದ್ದು ಕಂಡರೆ ಮೊದಲು ಕೆಳತೂಬು ಮುಚ್ಚಿ, ಆಮೇಲೆ ಮೇಲಿನದನ್ನು ತೆರೆದು ಮತ್ತೆ ತುಂಬಿಸಬೇಕು. ಲಾಕ್‌ನಲ್ಲಿ ಹರಟೆ ಬೇಡ ಎನ್ನುವುದು ಅದಕ್ಕೇ.

ಒಂದು ಸಲ ಲಾಕ್ ದಾಟಲು ನೀರೆಷ್ಟು ಬೇಕು? 22 ಮೀಟರ್ ಉದ್ದ, 2.2 ಮೀಟರ್ ಅಗಲ, 2.4 ಮೀಟರ್ ಏರಿಳಿತ ಎಂದುಕೊಳ್ಳಿ. ಗುಣಿಸಿದರೆ ಸುಮಾರು 1 ಲಕ್ಷ 16 ಸಾವಿರ ಲೀಟರ್! ಅಷ್ಟೂ ಮೇಲಿನಿಂದ ಕೆಳಕ್ಕೆ ಹೋಗುವ ನೀರು. ಅದನ್ನು ತುಂಬಿಕೊಡುವುದು ಮಳೆಯನ್ನು ನಂಬಿದ ಜಲಾಶಯಗಳು. 2025ರಲ್ಲಿ ಮಳೆ ಕೈಕೊಟ್ಟು ಲೀಡ್ಸ್ ಮತ್ತು ಲಿವರ್‌ಪೂಲ್ ಕಾಲುವೆಯೂ ಸೇರಿದಂತೆ ಹಲವು ಕಡೆ ಸಂಚಾರವನ್ನೇ ನಿಲ್ಲಿಸಬೇಕಾಯಿತು. ಹಾಗಾಗಿ ಎದುರಿನಿಂದ ದೋಣಿ ಬರುತ್ತಿದ್ದರೆ, ಲಾಕ್ ಅದಕ್ಕೆ ಅನುಕೂಲವಾಗಿದ್ದರೆ, ಐದು ನಿಮಿಷ ಕಾದು ಅದನ್ನು ಬಿಡುವುದು ಸೌಜನ್ಯವಷ್ಟೇ ಅಲ್ಲ, ಒಂದು ಲಕ್ಷ ಲೀಟರಿನ ಉಳಿತಾಯ. ಅಗಲವಾದ ಲಾಕ್ ಆದರೆ ಇಬ್ಬರು ಜೊತೆಯಾಗಿ ಹೋಗಬೇಕು.

ಲೀಟರು, ಆಂಪಿಯರು

ಕುಡಿಯುವ ನೀರಿನ ಟ್ಯಾಂಕು 500 ಲೀಟರಿನದು ಎಂದಿಟ್ಟುಕೊಳ್ಳಿ. ನಿಮಿಷಕ್ಕೆ 8 ಲೀಟರ್ ಸುರಿಯುವ ಷವರ್ ಕೆಳಗೆ ಹತ್ತು ನಿಮಿಷ ನಿಂತರೆ 80 ಲೀಟರ್ ಖಾಲಿ. ಮೈ ನೆನೆಸಿ, ನಲ್ಲಿ ನಿಲ್ಲಿಸಿ, ಸೋಪು ಹಚ್ಚಿ, ಮತ್ತೆ ತೊಳೆದರೆ 15 ಲೀಟರ್ ಸಾಕು. ಒಂದು ಬಕೆಟ್ಟಿನಲ್ಲಿ ಸ್ನಾನ ಮುಗಿಸುವ ನಮ್ಮವರಿಗೆ ಇದನ್ನು ಯಾರೂ ಹೇಳಿಕೊಡಬೇಕಿಲ್ಲ. ದಂಡೆಯ ನಲ್ಲಿ ಕಂಡಾಗಲೆಲ್ಲ ಟ್ಯಾಂಕ್ ತುಂಬಿಸಿಕೊಳ್ಳಬೇಕು. ಪೈಪು ಸ್ವಂತದ್ದಿರಲಿ, ಮೊದಲ ನೀರನ್ನು ಹೊರಗೆ ಬಿಡಿ.

ವಿದ್ಯುತ್ತಿನ ಲೆಕ್ಕ ಇನ್ನೂ ಬಿಗಿ. 110 ಆಂಪಿಯರ್-ಗಂಟೆಯ ನಾಲ್ಕು ಸೀಸದ ಬ್ಯಾಟರಿ ಇದ್ದರೆ ಒಟ್ಟು 440. ಆದರೆ ಅರ್ಧಕ್ಕಿಂತ ಕೆಳಗಿಳಿಸಿದರೆ ಅವುಗಳ ಆಯಸ್ಸು ಮುಗಿಯುತ್ತದೆ. ಕೈಗೆ ಸಿಗುವುದು 220 ಮಾತ್ರ. ದಿನಕ್ಕೆ ಫ್ರಿಜ್ 40, ಲ್ಯಾಪ್‌ಟಾಪ್ 30, ಫೋನು ಮುಂತಾದವು 12, ದೀಪ 5, ಪಂಪು 3 ಎಂದರೆ 90. ಎರಡೂವರೆ ದಿನವೂ ಬಾರದು. ಎಂಜಿನ್ ಓಡಿದರೆ ಬ್ಯಾಟರಿ ತುಂಬುತ್ತದೆ. ಆದರೆ ದೋಣಿ ನಿಂತಿರುವಾಗ ರಾತ್ರಿ 8ರಿಂದ ಬೆಳಿಗ್ಗೆ 8ರವರೆಗೆ ಎಂಜಿನ್ ಹಾಕಬಾರದೆಂಬುದು ಅಲ್ಲಿನ ನಿಯಮ. 2,000 ವಾಟ್‌ನ ವಿದ್ಯುತ್ ಕೆಟಲ್ 12 ವೋಲ್ಟಿನ ಬ್ಯಾಟರಿಯಿಂದ 160ಕ್ಕೂ ಹೆಚ್ಚು ಆಂಪಿಯರ್ ಸೆಳೆಯುತ್ತದೆ. ನೀರು ಕಾಯಿಸಲು ಒಲೆಯೇ ಲೇಸು. ಹೊಸ ಲಿಥಿಯಂ ಬ್ಯಾಟರಿಗಳು ಹೆಚ್ಚು ಆಳಕ್ಕಿಳಿಯುವುದನ್ನು ತಾಳುತ್ತವೆ, ಬೆಲೆಯೂ ಹೆಚ್ಚು.

ಸೌರಫಲಕವನ್ನು ನಂಬಬಹುದೇ? ಬೇಸಿಗೆಯಲ್ಲಿ ಧಾರಾಳವಾಗಿ. ಡಿಸೆಂಬರ್ 21ರ ನಡುಹಗಲು ಬೆಂಗಳೂರಿನಲ್ಲಿ ಸೂರ್ಯ ದಿಗಂತದಿಂದ 53 ಡಿಗ್ರಿಗೂ ಮೇಲಿರುತ್ತಾನೆ. ಬರ್ಮಿಂಗ್‌ಹ್ಯಾಮಿನಲ್ಲಿ ಬರೀ 14! ಹಗಲು ಎಂಟು ಗಂಟೆಯೂ ಇಲ್ಲ, ಇದ್ದರೂ ಮೋಡ. ಬೇಸಿಗೆಯ ಲೆಕ್ಕ ನಂಬಿ ಚಳಿಗಾಲಕ್ಕೆ ಹೊರಟವರು ಕತ್ತಲಲ್ಲಿ ಕೂರುತ್ತಾರೆ.

ಹೇಳಲು ಮುಜುಗರವಾದರೂ ಶೌಚದ ಮಾತು ಬಿಡುವಂತಿಲ್ಲ. ಕೆಲವರಲ್ಲಿ ದೊಡ್ಡ ಟ್ಯಾಂಕು, ಹಣ ಕೊಟ್ಟು ಹೀರಿಸಬೇಕು. ಕೆಲವರಲ್ಲಿ ಸುಮಾರು 20 ಲೀಟರಿನ ಪೆಟ್ಟಿಗೆ, ತುಂಬಿದಾಗ ಹೊತ್ತು ನಿಗದಿತ ಸ್ಥಳದಲ್ಲಿ ಸುರಿಯಬೇಕು. ಇಬ್ಬರಿದ್ದರೆ ಮೂರ್ನಾಲ್ಕು ದಿನಕ್ಕೊಮ್ಮೆ ಈ ಕೆಲಸ ತಪ್ಪದು. ಒಂದು ಖಾಲಿ ಪೆಟ್ಟಿಗೆ ಮೀಸಲಿರಲಿ. ಒಣ ಶೌಚದ ತ್ಯಾಜ್ಯವನ್ನು ಟ್ರಸ್ಟಿನ ಕಸದ ತೊಟ್ಟಿಗೆ ಹಾಕುವಂತಿಲ್ಲ.

ಚಳಿಗಾಲವೇ ಪರೀಕ್ಷೆ

ದೋಣಿಯ ಹೃದಯ ಅದರ ಉಕ್ಕಿನ ಒಲೆ. ಹೊಗೆರಹಿತ ಕಲ್ಲಿದ್ದಲು ರಾತ್ರಿಯಿಡೀ ನಿಗಿನಿಗಿ ಉರಿಯುತ್ತದೆ. ಕಟ್ಟಿಗೆಯಾದರೆ ಚೆನ್ನಾಗಿ ಒಣಗಿರಬೇಕು. ಹಸಿ ಕಟ್ಟಿಗೆಯ ಶಾಖವೆಲ್ಲ ಅದರ ನೀರನ್ನು ಆವಿ ಮಾಡಲು ಹೋಗಿ, ಚಿಮಣಿಗೆ ಕೀಲು ಮೆತ್ತುತ್ತದೆ. ಅನೇಕರು ಒಲೆಯ ಮೇಲೆ ಪುಟ್ಟ ಫ್ಯಾನ್ ಇಡುತ್ತಾರೆ. ಅದಕ್ಕೆ ತಂತಿಯಿಲ್ಲ, ಬ್ಯಾಟರಿಯಿಲ್ಲ! ಬಿಸಿ ತಳಕ್ಕೂ ತಣ್ಣನೆಯ ತಲೆಗೂ ಇರುವ ಉಷ್ಣಾಂಶದ ವ್ಯತ್ಯಾಸವೇ ವಿದ್ಯುತ್ತಾಗಿ ಅದನ್ನು ತಿರುಗಿಸುತ್ತದೆ.

ಇಬ್ಬರು ಮಲಗಿದರೆ ಒಂದು ರಾತ್ರಿಯಲ್ಲಿ ಉಸಿರು ಬೆವರುಗಳಿಂದ ಸುಮಾರು ಅರ್ಧ ಲೀಟರ್ ನೀರು ಗಾಳಿ ಸೇರುತ್ತದೆ. ತಣ್ಣನೆಯ ಕಿಟಕಿ ಚೌಕಟ್ಟಿಗೆ ತಾಗಿ ಅದು ಹನಿಗಟ್ಟಿ, ಹಾಸಿಗೆಯಡಿ ಬೂಸು ಬೆಳೆಯುತ್ತದೆ. ಇದಕ್ಕೆ ಮದ್ದು ಶಾಖ ಮತ್ತು ಗಾಳಿಯಾಟ ಎರಡೂ. ಚಳಿಯೆಂದು ಗಾಳಿಕಿಂಡಿಗೆ ಬಟ್ಟೆ ತುರುಕುವುದು ಆತ್ಮಹತ್ಯೆಗೆ ಸಮ. ಏಕೆಂದರೆ ಗಾಳಿ ಸಾಲದೆ ಉರಿದ ಒಲೆ ಕಾರ್ಬನ್ ಮೊನಾಕ್ಸೈಡ್ ಉಗುಳುತ್ತದೆ. ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದ ಹಿಮೋಗ್ಲೋಬಿನ್ ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಒಲವಿನಿಂದ ಇದನ್ನು ಅಪ್ಪಿಕೊಳ್ಳುತ್ತದೆ. ಮೊದಲು ತಲೆನೋವು, ವಾಕರಿಕೆ, ಮಂಪರು. ನಿದ್ದೆಯಲ್ಲಿದ್ದವರು ಏಳುವುದೇ ಇಲ್ಲ. ಇದನ್ನು ಪತ್ತೆ ಹಚ್ಚುವ ಅಲಾರಂ 2019ರ ಏಪ್ರಿಲಿನಿಂದ ಸುರಕ್ಷತಾ ಪರೀಕ್ಷೆಯ ಭಾಗವಾಗಿದೆ. ವಾರಕ್ಕೊಮ್ಮೆ ಗುಂಡಿ ಒತ್ತಿ ಪರೀಕ್ಷಿಸಲು ಮರೆಯಬಾರದು. ಆರುತ್ತಿರುವ ಕೆಂಡದ ಬಾರ್ಬೆಕ್ಯೂವನ್ನು ಬೆಚ್ಚಗಿರಲೆಂದು ಒಳಗೆ ತರುವುದಂತೂ ಬೇಡವೇ ಬೇಡ.

ಅಡಿಗೆ ಅನಿಲ ಗಾಳಿಗಿಂತ ಭಾರ. ಮನೆಯಲ್ಲಿ ಸೋರಿದರೆ ಬಾಗಿಲ ಸಂದಿಯಿಂದಾದರೂ ಹೋದೀತು. ದೋಣಿ ಒಂದು ಬಾಣಲೆಯಿದ್ದಂತೆ. ಅನಿಲ ತಳದಲ್ಲಿ ನೀರಿನಂತೆ ನಿಂತು ಕಿಡಿಗಾಗಿ ಕಾಯುತ್ತದೆ. ಆದ್ದರಿಂದಲೇ ಸಿಲಿಂಡರನ್ನು ಹೊರಕ್ಕೆ ಕಿಂಡಿಯಿರುವ ಪ್ರತ್ಯೇಕ ಗೂಡಿನಲ್ಲಿಡುತ್ತಾರೆ. ಬ್ಯೂಟೇನ್ ಸೊನ್ನೆ ಡಿಗ್ರಿಯ ಹತ್ತಿರ ಆವಿಯಾಗುವುದನ್ನೇ ನಿಲ್ಲಿಸುವುದರಿಂದ ಚಳಿಗೆ ಪ್ರೊಪೇನ್ ಸಿಲಿಂಡರ್ ಬೇಕು. ಅದು ಮೈನಸ್ 42 ಡಿಗ್ರಿಯವರೆಗೆ ಕುದಿಯುತ್ತದೆ.

ಕಾಲುವೆ ಹೆಪ್ಪುಗಟ್ಟಿದರೆ ಹೊರಡಬೇಡಿ. ಮಂಜುಗಡ್ಡೆ ಒಡಲಿನ ಲೇಪನವನ್ನು ಕೆರೆಯುತ್ತದೆ. ನವೆಂಬರಿನಿಂದ ಮಾರ್ಚ್‌ವರೆಗೆ ದುರಸ್ತಿಗಾಗಿ ಲಾಕ್‌ಗಳನ್ನು ಮುಚ್ಚುವುದೂ ಉಂಟು. ಪಟ್ಟಿ ನೋಡಿ ದಾರಿ ಯೋಜಿಸಬೇಕು. ಕಲ್ಲಿದ್ದಲು, ನೀರು, ಡೀಸೆಲ್, ಬೇಳೆ-ಅಕ್ಕಿ ಒಂದು ವಾರಕ್ಕಾಗುವಷ್ಟು ಮುಂಚೆಯೇ ತುಂಬಿರಲಿ. ಇಂಧನ ಮಾರುವ ದೋಣಿಗಳು ಕಾಲುವೆಯಲ್ಲಿ ಓಡಾಡುತ್ತವೆ, ಅವುಗಳ ದಿನ ತಿಳಿದಿರಬೇಕು.

ನಿತ್ಯವಿಧಿ

ಬೆಳಿಗ್ಗೆ ಎಂಜಿನ್ನಿನ ಎಣ್ಣೆ, ತಳದಲ್ಲಿ ನಿಂತ ನೀರು ಎರಡನ್ನೂ ನೋಡಿ. ಸಂಜೆ ಪ್ರೊಪೆಲ್ಲರ್ ದಂಡದ ಗ್ರೀಸನ್ನು ಒಂದು ಸುತ್ತು ತಿರುಗಿಸಿ. ಪ್ರೊಪೆಲ್ಲರಿಗೆ ಪ್ಲಾಸ್ಟಿಕ್, ಹಗ್ಗ ಸುತ್ತಿಕೊಂಡರೆ ಎಂಜಿನ್ ನಿಲ್ಲಿಸಿ, ಕೀಲಿ ಜೇಬಿಗೆ ಹಾಕಿಕೊಂಡ ಮೇಲೆಯೇ ಮುಚ್ಚಳ ತೆರೆದು ಕೈಯಿಕ್ಕಬೇಕು. ಮುಚ್ಚಳವನ್ನು ಮತ್ತೆ ಬಿಗಿಯಾಗಿ ಕೂರಿಸದೆ ಎಂಜಿನ್ ಹಾಕಿದರೆ ನೀರು ಒಳನುಗ್ಗಿ ದೋಣಿ ಮುಳುಗುತ್ತದೆ.

ಯಾರಾದರೂ ನೀರಿಗೆ ಬಿದ್ದರೆ ಮೊದಲು ಎಂಜಿನ್ ನಿಲ್ಲಿಸಿ. ಪ್ರೊಪೆಲ್ಲರ್ ನೀರಿಗಿಂತ ಅಪಾಯಕಾರಿ. ಕಾಲುವೆಯ ಬಹುಭಾಗದಲ್ಲಿ ಎದ್ದು ನಿಂತರೆ ಎದೆಮಟ್ಟದ ನೀರು. ಲಾಕ್ ಮತ್ತು ನದಿಗಳ ಮಾತು ಬೇರೆ. ಅಲ್ಲಿ ಜೀವರಕ್ಷಕ ಕವಚ ತೊಟ್ಟಿರಬೇಕು, ನದಿಗಿಳಿಯುವ ದೋಣಿಯಲ್ಲಿ ಲಂಗರೂ ಇರಬೇಕು.

ಕಾಲುವೆಯ ನೀರಿನಲ್ಲಿ ಇಲಿಮೂತ್ರದಿಂದ ಹರಡುವ ಲೆಪ್ಟೊಸ್ಪೈರೋಸಿಸ್ ಇರಬಹುದು. ಮಲೆನಾಡು, ಕರಾವಳಿಯವರು ಇಲಿಜ್ವರವೆಂದು ಬಲ್ಲ ರೋಗವೇ ಅದು. ಗಾಯವಿದ್ದರೆ ಮುಚ್ಚಿಕೊಳ್ಳಿ, ಹಗ್ಗ ಮುಟ್ಟಿದ ಕೈಯನ್ನು ಊಟಕ್ಕೆ ಮುನ್ನ ತೊಳೆಯಿರಿ. ಆಮೇಲೆ ಜ್ವರ ಬಂದರೆ ಕಾಲುವೆಯ ವಿಷಯವನ್ನು ವೈದ್ಯರಿಗೆ ತಪ್ಪದೆ ಹೇಳಿ.

ಇಷ್ಟೆಲ್ಲ ಕಷ್ಟವಿದ್ದೂ ಜನ ಏಕೆ ಹೋಗುತ್ತಾರೆ? ಕೆಲವರಿಗೆ ಬೇರೆ ದಾರಿಯಿಲ್ಲ. ಮತ್ತೆ ಕೆಲವರಿಗೆ ಬೆಳಗಿನ ಮಂಜಿನಲ್ಲಿ ಕಿಟಕಿಯ ಪಕ್ಕ ಈಜುವ ಬಾತುಕೋಳಿ, ಕೆಟ್ಟು ನಿಂತ ಎಂಜಿನ್ನಿಗೆ ಕರೆಯದೆಯೂ ಸ್ಪ್ಯಾನರ್ ಹಿಡಿದು ಬರುವ ನೆರೆಯವನು, ಇವನ್ನು ಬಿಟ್ಟು ಮತ್ತೆ ನೆಲದ ಮನೆಗೆ ಹೋಗಲು ಮನಸ್ಸಾಗುವುದಿಲ್ಲ. ಯಾರೇ ಆಗಲಿ, ಕೈಯಲ್ಲಿರುವ ಹಣವನ್ನೆಲ್ಲ ಸುರಿದು ದೋಣಿ ಕೊಳ್ಳುವ ಮುನ್ನ ಒಂದು ವಾರ ಬಾಡಿಗೆ ದೋಣಿಯಲ್ಲಿ ಇದ್ದು ನೋಡುವುದು ಒಳ್ಳೆಯದು. ಬಾಡಿಗೆಗೆ ಕೊಡುವವರು ಹೊರಡುವ ಮೊದಲು ನಡೆಸುವುದನ್ನು ಹೇಳಿಕೊಡುತ್ತಾರೆ. ಜೂನ್ ತಿಂಗಳ ಬಿಸಿಲಿನಲ್ಲಿ ಬೇಡ, ಅಕ್ಟೋಬರ್ ಕೊನೆಯ ಮಳೆಯಲ್ಲಿ ಹೋಗಿ. ಆ ವಾರ ಟ್ಯಾಂಕಿನಲ್ಲಿ ನೀರೆಷ್ಟಿದೆ, ಬ್ಯಾಟರಿ ಎಷ್ಟಕ್ಕಿಳಿದಿದೆ ಎಂದು ದಿನವೂ ಬರೆದಿಡಿ. ಬರೆದಿಡುವುದು ಬೇಸರವೆನಿಸದಿದ್ದರೆ ಈ ಬದುಕು ನಿಮಗೆ ಒಗ್ಗುತ್ತದೆ.